ಸೆಲ್ಫ್ ಹೊಡೆಯುತ್ತೆ, ಗಾಡಿ ಹಿಡಿಯಲ್ಲ: ಕಾರ್ಬೊರೇಟರ್ ಬದಲಿಸುವ ಮೊದಲು

ಪ್ರಶ್ನೆ: ನಾನು ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಅಪ್ಪಾಜಿಯವರದು 1996ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಅವರ ಮೊಣಕಾಲಿನ ಆಪರೇಷನ್ ಆದ ಮೇಲೆ ಓಡಿಸುವವರಿಲ್ಲ. ಪಂಚಮಿ ಹಬ್ಬಕ್ಕೆ ಓಡಿದ್ದೇ ಕೊನೆ. ಆಮೇಲೆ ಶೆಡ್ಡಿನಲ್ಲಿ ಮೆಕ್ಕೆಜೋಳದ ಚೀಲಗಳ ಪಕ್ಕ ನಿಂತಿತ್ತು. ದೀಪಾವಳಿ ಪೂಜೆಗೆ ಹೊರಗೆ ತೆಗೆಯೋಣ ಅಂದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದೆವು. ಮೂರೂ ಪ್ಲಗ್ ಹೊಸವು. ಎರಡು ದಿನ ಸೆಲ್ಫ್ ಹೊಡೆದು ಮತ್ತೆ ಪ್ಲಗ್ ಬಿಚ್ಚಿದರೆ ಅಂಗಡಿಯಿಂದ ತಂದಾಗ ಹೇಗಿದ್ದವೋ ಹಾಗೇ ಒಣಗಿದ್ದವು. ಈಗ ಮೆಕ್ಯಾನಿಕ್ ಕಾರ್ಬೊರೇಟರ್ ಹೊಸದು ಹಾಕಬೇಕು ಅನ್ನುತ್ತಾರೆ. ಹಾಕಿಸಲಾ?

ಉತ್ತರ: ಬೇಡ ಅಕ್ಕಾರೇ, ಇನ್ನೂ ಬೇಡ. ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ನೀವೇ ಬರೆದಿದ್ದೀರಿ. ಪ್ಲಗ್ ಒಣಗಿದ್ದವು ಅಂದಿರಲ್ಲ, ಅದೇ ಉತ್ತರ. ಎರಡು ದಿನ ಸೆಲ್ಫ್ ಹೊಡೆದ ಮೇಲೆ ಪ್ಲಗ್ಗಿನ ತುದಿ ಪೆಟ್ರೋಲಿನಿಂದ ಒದ್ದೆಯಾಗಿರಬೇಕು, ಮೂಗಿಗೆ ಹಿಡಿದರೆ ಘಮ್ಮೆನ್ನಬೇಕು. ಒಣಗಿದೆ ಅಂದರೆ ಸಿಲಿಂಡರಿಗೆ ಪೆಟ್ರೋಲ್ ಹೋಗುತ್ತಿಲ್ಲ. ಟ್ಯಾಂಕಿನಿಂದ ಪ್ಲಗ್ಗಿನವರೆಗಿನ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಅಂತ ನೋಡಿದ ಮೇಲೆ ಬೇಕಿದ್ದರೆ ಕಾರ್ಬೊರೇಟರ್ ಮಾತು, ಅಂದರೆ ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ ಮಾತು.

ಹಳೇ ಪೆಟ್ರೋಲ್ ಎಂಜಿನ್ ಹಿಡಿಯಬೇಕಾದರೆ ಕರೆಂಟ್ ಬೇಕು, ಪೆಟ್ರೋಲ್ ಬೇಕು, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ ಬೇಕು. ಮೂರೂ ಸರಿಯಾದ ಹೊತ್ತಿಗೆ ಸಿಗಬೇಕು. ಗ್ಯಾರೇಜಿನಲ್ಲಿ ಹುಡುಗರಿಗೆ ಮೊದಲ ದಿನ ಕಲಿಸುವುದೇ ಇದನ್ನು. ಎರಡನೇ ದಿನ ಮರೆಯುವುದೂ ಇದನ್ನೇ! ಗಿರಾಕಿ ಎದುರಿಗೆ ನಿಂತಿದ್ದರೆ ಏನಾದರೂ ಬಿಚ್ಚಬೇಕು ಅನ್ನಿಸುತ್ತದೆ. ಬ್ಯಾಟರಿ ಬದಲಿಸೋದು, ಪ್ಲಗ್ ಬದಲಿಸೋದು, ಪ್ಲಗ್ಗಿನ ಕಿಡಿಗೆ ಕರೆಂಟ್ ಏರಿಸಿ ಕೊಡುವ ಕಾಯಿಲ್ ಬದಲಿಸೋದು. ಒಂದೊಂದೇ ಹೊಸದು ಹಾಕುತ್ತಾ ಹೋದರೆ ಒಂದು ದಿನ ಗಾಡಿ ಹಿಡಿಯುತ್ತದೆ, ನಿಜ. ಆದರೆ ಏನು ಕೆಟ್ಟಿತ್ತು ಅನ್ನೋದು ಯಾರಿಗೂ ತಿಳಿಯುವುದಿಲ್ಲ.

ಮೊದಲು ಕಿವಿ ಕೊಡಿ. ಸೆಲ್ಫ್ ಹೊಡೆದಾಗ ಸದ್ದು ಹೇಗಿದೆ? ಆರೋಗ್ಯವಾಗಿರುವ ಎಂಜಿನ್ ಏರಿಳಿತದಲ್ಲಿ ತಿರುಗುತ್ತದೆ, ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ ಒಂದು ಲಯ ಇರುತ್ತದೆ. ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗ ಸೆಲ್ಫಿಗೆ ಸ್ವಲ್ಪ ತ್ರಾಸಾಗುತ್ತದಲ್ಲ, ಆ ಲಯ ಅದು. ಅದು ಬಿಟ್ಟು ಮಿಕ್ಸರ್ ತಿರುಗಿದ ಹಾಗೆ ಒಂದೇ ಸಮನೆ ಗಿರ್ರೆಂದು ಹಗುರವಾಗಿ ತಿರುಗಿದರೆ ಕಂಪ್ರೆಷನ್ ಇಲ್ಲ ಅಂತ ಅನುಮಾನ. ಟೈಮಿಂಗ್ ಬೆಲ್ಟ್ ಹರಿದಿರಬಹುದು.

ಇದನ್ನು ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಡೆಲ್ಕೋ ಕ್ಯಾಪ್ ತೆಗೆಯಿರಿ, ಅಂದರೆ ಪ್ಲಗ್ ವೈರುಗಳೆಲ್ಲ ಹೋಗಿ ಸೇರುವ ಆ ಮುಚ್ಚಳ. ಒಳಗೆ ರೋಟರ್ ಕಾಣುತ್ತದೆ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ರೋಟರ್ ನೋಡಿ. ಸೀರೆಯ ಸೆರಗು, ದುಪಟ್ಟಾ ಫ್ಯಾನ್ ಬೆಲ್ಟಿನ ಹತ್ತಿರ ಹೋಗದಿರಲಿ. ರೋಟರ್ ತಿರುಗಿದರೆ ಬೆಲ್ಟ್ ಹರಿದಿಲ್ಲ. ಎಂಜಿನ್ ತಿರುಗುತ್ತಿದ್ದರೂ ರೋಟರ್ ಅಲ್ಲಾಡದೆ ನಿಂತಿದ್ದರೆ ಬೆಲ್ಟ್ ಹೋಗಿದೆ ಅಂತಲೇ ಲೆಕ್ಕ. ಮಾರುತಿ 800ರಲ್ಲಿ ಡೆಲ್ಕೋ ಮತ್ತು ಪೆಟ್ರೋಲ್ ಎಳೆಯುವ ಎಸಿ ಪಂಪ್ ಎರಡೂ ಟೈಮಿಂಗ್ ಬೆಲ್ಟ್ ತಿರುಗಿಸುವ ಕ್ಯಾಮ್‌ಶಾಫ್ಟಿನಿಂದಲೇ ನಡೆಯುತ್ತವೆ. ಬೆಲ್ಟ್ ಹರಿದರೆ ಕರೆಂಟೂ ಇಲ್ಲ, ಪೆಟ್ರೋಲೂ ಇಲ್ಲ. ಎರಡೂ ಒಟ್ಟಿಗೆ ಹೋಗಿವೆ ಅಂದಾಗ ಎರಡು ಕಡೆ ಹುಡುಕದೆ ಈ ಒಂದು ಕಡೆ ನೋಡಬೇಕು.

ಇನ್ನು ಕರೆಂಟ್. ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಹಳೇ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ. ಅದರ ಕಬ್ಬಿಣದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಂತಿಯಿಂದ ಬಿಗಿದು ಕಟ್ಟಿ. ಕೈಯಲ್ಲಿ ಹಿಡಿಯಬೇಡಿ, ಅಲ್ಲಿ ಬರುವುದು ಹತ್ತಾರು ಸಾವಿರ ವೋಲ್ಟು. ಸಿಲಿಂಡರಿನ ಪ್ಲಗ್ಗುಗಳು ತಮ್ಮ ಜಾಗದಲ್ಲೇ ಇರಲಿ, ತೂತು ತೆರೆದಿಟ್ಟು ಹತ್ತಿರದಲ್ಲಿ ಕಿಡಿ ಹಾರಿಸುವುದು ಅಪಾಯ. ಶೆಡ್ಡಿನ ಬಾಗಿಲು ಅರ್ಧ ಮುಚ್ಚಿ ಕತ್ತಲೆ ಮಾಡಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಚಟ್ ಚಟ್ ಎಂದು ಹಾರಬೇಕು, ಕಿವಿಗೂ ಕೇಳಬೇಕು. ಕೆಂಪಗೆ, ತೆಳ್ಳಗೆ, ಆಗೊಮ್ಮೆ ಈಗೊಮ್ಮೆ ಬಂದರೆ ಅದು ಲೆಕ್ಕಕ್ಕಿಲ್ಲ. ಕಿಡಿ ಬರಲೇ ಇಲ್ಲ ಅಂದರೆ ಕಾಯಿಲ್‌ನಿಂದ ಡೆಲ್ಕೋ ನಡುವಿಗೆ ಬರುವ ದಪ್ಪ ವೈರನ್ನು ತೆಗೆದು ಅದಕ್ಕೇ ಪ್ಲಗ್ ಸಿಕ್ಕಿಸಿ ನೋಡಿ. ಅಲ್ಲಿ ಚೆನ್ನಾಗಿದ್ದು ಮುಂದೆ ಇಲ್ಲದಿದ್ದರೆ ತಪ್ಪು ಕ್ಯಾಪ್, ರೋಟರ್ ಅಥವಾ ವೈರುಗಳದು. ಅಲ್ಲೂ ಇಲ್ಲದಿದ್ದರೆ ಕಾಯಿಲಿಗೆ 12 ವೋಲ್ಟ್ ಬರುತ್ತಿದೆಯೇ ಅಂತ ಟೆಸ್ಟ್ ಲ್ಯಾಂಪ್ ಇಡಬೇಕು. ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಡಿದು ಕೊಡುವ ಪುಟ್ಟ ಸ್ವಿಚ್) ಇರುವ ಡೆಲ್ಕೋ ಆದರೆ ಪಾಯಿಂಟ್ ನೋಡಬೇಕು. ಮೂರು ತಿಂಗಳು ಹಸಿಯಲ್ಲಿ ನಿಂತ ಗಾಡಿಯ ಪಾಯಿಂಟ್ ಮೇಲೆ ಬೂದು ಪದರ ಕೂತಿರುತ್ತದೆ. ನುಣುಪು ಎಮರಿ ಪೇಪರಿನಿಂದ ಎರಡು ಸಲ ಎಳೆದು, ಬಟ್ಟೆಯಿಂದ ಒರೆಸಿ, ಗ್ಯಾಪ್ 0.4ರಿಂದ 0.5 ಮಿಲಿಮೀಟರಿಗೆ ಇಟ್ಟರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿದಿರುತ್ತದೆ.

ಇಲ್ಲಿ ನಾನೇ ಎಡವಿದ ಒಂದು ಕಥೆ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಹಾಕಿದ ಹೊಸತು. ಧಾರವಾಡದ ಸಪ್ತಾಪುರದಿಂದ ಒಬ್ಬರದು ಪ್ರೀಮಿಯರ್ ಪದ್ಮಿನಿ. ಮಳೆಗಾಲದಲ್ಲಿ ಬೆಳಿಗ್ಗೆ ಹಿಡಿಯುತ್ತಿರಲಿಲ್ಲ. ಸುಮಾರು 20 ಕಿಲೋಮೀಟರ್ ಕಟ್ಟಿ ಎಳೆದುಕೊಂಡು ನನ್ನ ಹತ್ತಿರ ತರುತ್ತಿದ್ದರು. ಮಧ್ಯಾಹ್ನ ನಾನು ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಮೊದಲ ಸಲ ಪ್ಲಗ್ ಬದಲಿಸಿದೆ. ಎರಡನೇ ಸಲ ಕಾಯಿಲ್. ಮೂರನೇ ಸಲ ಬಂದಾಗ ಅವರು ಏನೂ ಅನ್ನಲಿಲ್ಲ, ಸುಮ್ನೆ ಸ್ಟೂಲ್ ಎಳೆದುಕೊಂಡು ಕೂತರು. ಅದು ಬೈದದ್ದಕ್ಕಿಂತ ಜಾಸ್ತಿ ನಾಟಿತು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ನಾನೇ ಅವರ ಮನೆಗೆ ಹೋದೆ. ಜಿಟಿಜಿಟಿ ಮಳೆ, ಇನ್ನೂ ಮಬ್ಬುಗತ್ತಲೆ. ಬಾನೆಟ್ ಎತ್ತಿ, ಅವರಿಗೆ ಸೆಲ್ಫ್ ಹೊಡೆಯಲು ಹೇಳಿ ಬಗ್ಗಿ ನೋಡಿದೆ. ಡೆಲ್ಕೋ ಕ್ಯಾಪಿನ ಹೊರಮೈ ಮೇಲೆ ಒಂದು ನೀಲಿ ಎಳೆ ಹರಿದಾಡುತ್ತಿತ್ತು, ಇರುವೆ ಓಡಿದ ಹಾಗೆ. ಕ್ಯಾಪ್ ಬಿಚ್ಚಿ ಒರೆಸಿದರೆ ಕೂದಲೆಳೆಯಷ್ಟು ಬಿರುಕು. ಒಳಗಡೆ ಪೆನ್ಸಿಲಿನಲ್ಲಿ ಗೀಟು ಎಳೆದಂಥ ಕರಿ ಗೆರೆ. ಹಸಿ ಇದ್ದಾಗ ಕರೆಂಟ್ ಆ ಗೆರೆ ಹಿಡಿದು ಪ್ಲಗ್ಗಿನ ಬದಲು ಗಾಡಿಯ ಲೋಹದ ಮೈಗೆ ಹೋಗುತ್ತಿತ್ತು. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಗಾಳಿಗೆ ಒಣಗಿ ಸರಿಯಾಗುತ್ತಿತ್ತು. ಕ್ಯಾಪ್ ಹೊಸದು ಹಾಕಿ, ಕಾಯಿಲ್ ದುಡ್ಡು ವಾಪಸ್ ಕೊಟ್ಟೆ.

ಅದಕ್ಕೇ ಹೇಳುವುದು, ಗಾಡಿ ಎಲ್ಲಿ ಹಟ ಹಿಡಿದಿದೆಯೋ ಅಲ್ಲೇ ನೋಡಿಸಿ. ಹಾವೇರಿಗೋ ಹುಬ್ಬಳ್ಳಿಗೋ ಎಳೆದುಕೊಂಡು ಬರಬೇಡಿ. ಅದರಲ್ಲೂ ನಿಮ್ಮ ಹಾನಗಲ್ ಮಲೆನಾಡಿನ ಅಂಚು. ಗದಗ, ಮುಂಡರಗಿ ಕಡೆಯ ಗಾಡಿಗಳಲ್ಲಿ ಧೂಳು ನೋಡುತ್ತೇವೆ, ನಿಮ್ಮ ಕಡೆಯ ಗಾಡಿಗಳಲ್ಲಿ ತೇವ.

ಕರೆಂಟ್ ಇದೆ ಅಂತಾಯಿತು ಅಂದುಕೊಳ್ಳಿ. ಈಗ ಪೆಟ್ರೋಲ್. ನಿಮ್ಮ ಗಾಡಿಯ ಮಟ್ಟಿಗೆ ಮುಖ್ಯವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಮಾರುತಿ 800ರ ಕಾರ್ಬೊರೇಟರಿನ ಮೈಮೇಲೆ ಒಂದು ಪುಟ್ಟ ದುಂಡು ಗಾಜು ಇರುತ್ತದೆ, ಅಂಗಿಯ ಗುಂಡಿಯಷ್ಟು. ಫ್ಲೋಟ್ ಚೇಂಬರಿನಲ್ಲಿ, ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಲ್ಲಿ, ಪೆಟ್ರೋಲ್ ಎಷ್ಟಿದೆ ಅಂತ ನೋಡುವ ಕಿಟಕಿ ಅದು. ಎಷ್ಟೋ ಗಾಡಿಗಳಲ್ಲಿ ಎಣ್ಣೆ ಜಿಡ್ಡು ಹತ್ತಿ ಅದು ಇರುವುದೇ ಗೊತ್ತಾಗುವುದಿಲ್ಲ. ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ಪೆಟ್ರೋಲಿನ ಮಟ್ಟ ಗಾಜಿನ ನಡುವೆ ಕಾಣಬೇಕು, ಗಾಡಿ ಸ್ವಲ್ಪ ಅಲ್ಲಾಡಿಸಿದರೆ ಮಟ್ಟವೂ ತುಳುಕಬೇಕು. ಅಲ್ಲಿ ಏನೂ ಕಾಣದಿದ್ದರೆ ಚೇಂಬರ್ ಖಾಲಿ.

ಮೂರು ತಿಂಗಳು ನಿಂತ ಗಾಡಿಯಲ್ಲಿ ಅದು ಖಾಲಿ ಇರುವುದು ಸಹಜ. ಅಲ್ಲಿದ್ದ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಪೈಪಿನಲ್ಲಿದ್ದದ್ದು ಟ್ಯಾಂಕಿಗೆ ಇಳಿದಿರುತ್ತದೆ. ಹತ್ತು ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ಬಿಡುವು, ಹೀಗೆ ಐದಾರು ಸಲ ಹೊಡೆದರೆ ಪಂಪ್ ಮತ್ತೆ ಎಳೆದು ತುಂಬಬೇಕು. ಒಂದೇ ಸಮನೆ ಹೊಡೆಯಬೇಡಿ, ಸೆಲ್ಫ್ ಮೋಟರ್ ಸುಡುತ್ತದೆ. ನೀವು ಎರಡು ದಿನ ಹೊಡೆದರೂ ಪ್ಲಗ್ ಒಣಗಿದೆ. ಅಂದರೆ ಪಂಪ್ ಎಳೆಯುತ್ತಿಲ್ಲ, ಅಥವಾ ಎಳೆದರೂ ಬರುತ್ತಿಲ್ಲ.

ಎಸಿ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಒಂದು ಬಾಟಲಿಗೆ ಇಳಿಬಿಡಿ. ಈ ಕೆಲಸಕ್ಕೆ ಮುಂಚೆ ಕಾಯಿಲಿಗೆ 12 ವೋಲ್ಟ್ ತರುವ ಸಣ್ಣ ವೈರ್ ಕಿತ್ತಿಡಿ, ಎಲ್ಲೂ ಕಿಡಿ ಹಾರಬಾರದು. ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ. ಪಕ್ಕದಲ್ಲಿ ಒಂದು ಬುಟ್ಟಿ ಮರಳು ಇರಲಿ. ಬೀಡಿ ಸೇದುವ ಕಾಕಾನನ್ನು ದೂರ ಕೂರಿಸಿ, ತಮಾಷೆಗಲ್ಲ. ಈಗ ಸೆಲ್ಫ್ ಹೊಡೆದರೆ ಬಾಟಲಿಗೆ ಪೆಟ್ರೋಲ್ ಚಿಳ್ ಚಿಳ್ ಎಂದು ಬಿಟ್ಟು ಬಿಟ್ಟು ಬೀಳಬೇಕು, ಹಸುವಿನ ಹಾಲು ಕರೆದ ಹಾಗೆ.

ಬೀಳುತ್ತಿಲ್ಲವೇ? ಹಾಗಾದರೆ ತಪ್ಪು ಪಂಪಿನದೋ ಅದರ ಹಿಂದಿನ ದಾರಿಯದೋ ಅಂತ ಬೇರ್ಪಡಿಸಬೇಕು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಬಿಚ್ಚಿ, ಅದರ ಜಾಗಕ್ಕೆ ಒಂದು ಅಡಿ ಹೊಸ ಪೈಪು ಹಾಕಿ, ಇನ್ನೊಂದು ತುದಿಯನ್ನು ಒಳ್ಳೇ ಪೆಟ್ರೋಲ್ ಇರುವ ಕ್ಯಾನಿನಲ್ಲಿ ಮುಳುಗಿಸಿ ಮತ್ತೆ ಸೆಲ್ಫ್ ಹೊಡೆಯಿರಿ. ಪಂಪಿಗೆ ಮೂರು ಪೈಪು ಇರುತ್ತವೆ, ಮೂರನೆಯದು ಟ್ಯಾಂಕಿಗೆ ವಾಪಸ್ ಹೋಗುವುದು. ಅದನ್ನು ಇದನ್ನು ಅದಲುಬದಲು ಮಾಡಬೇಡಿ. ಕ್ಯಾನಿನಿಂದಲೂ ಎಳೆಯಲಿಲ್ಲ ಅಂದರೆ ಪಂಪಿನ ಒಳಗಿನ ಡಯಾಫ್ರಾಮ್, ಅಂದರೆ ಪೆಟ್ರೋಲ್ ಎಳೆಯುವ ಪೊರೆ, ಗಟ್ಟಿಯಾಗಿದೆ ಅಥವಾ ಹರಿದಿದೆ. ಕ್ಯಾನಿನಿಂದ ಎಳೆಯಿತು ಅಂದರೆ ಪಂಪ್ ಗಟ್ಟಿಮುಟ್ಟಾಗಿದೆ, ಅಡ್ಡಿ ಇರುವುದು ಫಿಲ್ಟರಿನಲ್ಲಿ, ಟ್ಯಾಂಕಿನ ಒಳಗಿನ ಜಾಲರಿಯಲ್ಲಿ ಅಥವಾ ರಬ್ಬರ್ ಪೈಪಿನಲ್ಲಿ.

ನನ್ನ ಅನುಮಾನ ಈ ರಬ್ಬರ್ ಪೈಪಿನ ಮೇಲೆ. ಇಲ್ಲಿ ಒಂದು ಮೋಸ ಇದೆ. ಪಂಪಿನಿಂದ ಮುಂದಿನ ಪೈಪು ಒಡೆದರೆ ಪೆಟ್ರೋಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ. ಪಂಪಿನ ಹಿಂದಿನ ಪೈಪು ಸಣ್ಣಗೆ ಬಿರಿದರೆ ಹಾಗೆ ಜಿನುಗಬೇಕೆಂದಿಲ್ಲ. ಅದು ಗಾಳಿ ಎಳೆದುಕೊಳ್ಳುತ್ತದೆ. ಬಿರಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಎಷ್ಟು ಎಳೆದರೂ ಬಾಯಿಗೆ ಬರುವುದಿಲ್ಲ. ಹೊರಗೆ ಎಲ್ಲ ಒಣಗಿದೆ, ಸೋರಿಕೆ ಇಲ್ಲ ಅಂತ ಮೆಕ್ಯಾನಿಕ್ ಮುಂದೆ ಹೋಗಿಬಿಡುತ್ತಾರೆ. ಪೈಪನ್ನು ಕ್ಲಿಪ್ಪಿನ ಹತ್ತಿರ ಬೆರಳಲ್ಲಿ ಬಾಗಿಸಿ ನೋಡಿ. ನೆಟ್ಟಗಿದ್ದಾಗ ಕಾಣದ ಬಿರುಕುಗಳು ಬಾಗಿಸಿದಾಗ ಬಾಯಿ ಬಿಡುತ್ತವೆ, ಬೇಸಿಗೆಯಲ್ಲಿ ಎರೆಹೊಲ ಬಿರಿದ ಹಾಗೆ.

ಇದಕ್ಕೆ ಈಗಿನ ಪೆಟ್ರೋಲೂ ಒಂದು ಕಾರಣ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್. ಅಪ್ಪಾಜಿಯವರ ಗಾಡಿಯ ರಬ್ಬರು, ಡಯಾಫ್ರಾಮುಗಳನ್ನು ಇದಕ್ಕೆ ಅಂತ ಮಾಡಿದ್ದಲ್ಲ. ಎಥನಾಲಿಗೆ ಇನ್ನೊಂದು ಗುಣ, ಗಾಳಿಯ ತೇವ ಹೀರಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕ್ ಮಳೆಗಾಲವಿಡೀ ನಿಂತರೆ ತೇವ ಹೆಚ್ಚಾಗಿ, ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಯಷ್ಟು ತೆಗೆದು, ಮುಚ್ಚಳ ಹಾಕಿ, ಒಲೆ ದೀಪ ಇಲ್ಲದ ಕಡೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಇಳಿಸಿ ತೊಳೆಯಬೇಕು. ಪದರ ಇಲ್ಲದೆ ವಾರ್ನಿಷ್ ವಾಸನೆ ಬಂದರೂ ಆ ಪೆಟ್ರೋಲ್ ಬೇಡ. ಮೆಕ್ಕೆಜೋಳದಿಂದಲೂ ಎಥನಾಲ್ ಮಾಡುತ್ತಾರೆ. ಶೆಡ್ಡಿನಲ್ಲಿ ಪಕ್ಕಕ್ಕಿದ್ದ ಜೋಳ ಟ್ಯಾಂಕಿನೊಳಗೂ ಹೊಕ್ಕಿದೆ ಅನ್ನಿ!

ಜೋಳದ ಚೀಲ ಅಂದಾಗ ನೆನಪಾಯಿತು, ಇಲಿ. ಏರ್ ಕ್ಲೀನರ್ ಡಬ್ಬಿ ತೆರೆದು ನೋಡಿ. ಸುಗ್ಗಿ ಸಮಯದಲ್ಲಿ ನಮ್ಮ ಕಡೆ ಅದರೊಳಗೆ ಶೇಂಗಾ ಸಿಪ್ಪೆ, ಚಿಂದಿ ಬಟ್ಟೆ ಸಿಗುವುದು ಹೊಸದಲ್ಲ. ಕಾಯಿಲ್ ವೈರು ಕಡಿದಿದ್ದರೂ ಕಡಿದಿರಬಹುದು. ಹಾಗೇ ಸೈಲೆನ್ಸರ್ ಪೈಪಿನ ಬಾಯಿಗೂ ಟಾರ್ಚ್ ಹಿಡಿಯಿರಿ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೂ ಎಂಜಿನ್ ಹಿಡಿಯುವುದಿಲ್ಲ.

ಪೈಪು, ಪಂಪು, ಫಿಲ್ಟರ್ ಎಲ್ಲ ಸರಿ ಇದ್ದು, ಬಾಟಲಿಗೆ ಪೆಟ್ರೋಲ್ ಚೆನ್ನಾಗಿ ಬೀಳುತ್ತಿದ್ದು, ಗಾಜಿನ ಕಿಟಕಿ ಮಾತ್ರ ಖಾಲಿ ಇದ್ದರೆ ಆಗ ಕಾರ್ಬೊರೇಟರ್ ಸರದಿ. ನಿಮ್ಮ ಮೆಕ್ಯಾನಿಕ್ ಅನುಮಾನ ಪೂರಾ ತಪ್ಪೇನಲ್ಲ. ಆವಿಯಾದ ಪೆಟ್ರೋಲ್ ಅಂಟು ಬಿಟ್ಟು ಹೋಗುತ್ತದೆ, ಬೆಲ್ಲದ ಪಾಕ ಒಣಗಿದ ಹಾಗೆ. ಅದರಲ್ಲಿ ಫ್ಲೋಟಿನ ಸೂಜಿ ಅಂಟಿಕೊಳ್ಳುತ್ತದೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳು ಕಟ್ಟುತ್ತವೆ. ಆದರೆ ಇದಕ್ಕೆ ಬೇಕಾದ್ದು ಬಿಚ್ಚಿ ತೊಳೆಯುವುದು, ಗಾಳಿ ಹೊಡೆಯುವುದು, ಹೊಸ ವಾಷರ್ ಕಿಟ್. ಜೆಟ್ಟಿಗೆ ತಂತಿ ಚುಚ್ಚಲು ಮಾತ್ರ ಬಿಡಬೇಡಿ, ತೂತು ದೊಡ್ಡದಾದರೆ ಮೈಲೇಜ್ ಹೋಯಿತು. ಒಳ್ಳೇ ಕೈಯಲ್ಲಿ ತೊಳೆದ ಹಳೇ ಒರಿಜಿನಲ್ ಕಾರ್ಬೊರೇಟರ್ ಇದ್ದರೆ ನಾನು ಹೊಸ ಡುಪ್ಲಿಕೇಟ್ ಕಡೆ ನೋಡುವುದೇ ಇಲ್ಲ.

ಅರ್ಜೆಂಟಿಗೆ ಒಂದು ಪರೀಕ್ಷೆ ಇದೆ, ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಸಿರಿಂಜಿನಲ್ಲಿ ಐದು ಎಂಎಲ್ ಪೆಟ್ರೋಲ್ ಕಾರ್ಬೊರೇಟರ್ ಬಾಯಿಗೆ ಹಾಕಿ, ಏರ್ ಕ್ಲೀನರ್ ವಾಪಸ್ ಮುಚ್ಚಿ, ಎಲ್ಲರೂ ಹಿಂದೆ ಸರಿದ ಮೇಲೆ ಸೆಲ್ಫ್. ಎರಡು ಸೆಕೆಂಡ್ ಬುರ್ರೆಂದು ಹಿಡಿದು ನಿಂತರೆ ಕರೆಂಟ್, ಕಂಪ್ರೆಷನ್, ಟೈಮಿಂಗ್ ಎಲ್ಲ ಇದೆ, ಪೆಟ್ರೋಲ್ ಒಂದೇ ಬರುತ್ತಿಲ್ಲ ಅಂತ ಖಾತ್ರಿ. ಬಾಟಲಿಯಿಂದ ಸುರಿಯುತ್ತಾ ಸೆಲ್ಫ್ ಹೊಡೆಯುವವರನ್ನು ನೋಡಿದ್ದೇನೆ. ಒಮ್ಮೆ ಬೆಂಕಿ ಹಿಂದೆ ಹೊಡೆದರೆ ಕೈಯಲ್ಲಿರುವ ಬಾಟಲಿಗೇ ಹತ್ತುತ್ತದೆ.

ಕೆಲವರ ಗಾಡಿ ಸೆಲ್ಫ್ ಹೊಡೆಯುವಾಗ ಹಿಡಿಯದೆ, ಕೀಲಿ ಬಿಟ್ಟ ಕ್ಷಣಕ್ಕೆ ಒಂದು ಸಲ ಬುಡ್ ಅನ್ನುತ್ತದೆ. ಅದು ಬೇರೆ ರೋಗ. ಸೆಲ್ಫ್ ಕರೆಂಟನ್ನೆಲ್ಲ ನುಂಗಿ ಕಾಯಿಲಿಗೆ ಉಳಿಸುತ್ತಿಲ್ಲ, ಅಥವಾ ಕೀಲಿ ಸ್ವಿಚ್ ಸ್ಟಾರ್ಟ್ ಸ್ಥಾನದಲ್ಲಿ ಕಾಯಿಲಿಗೆ ಕರೆಂಟ್ ಕೊಡುತ್ತಿಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು.

ಇದನ್ನು ಓದುವವರಲ್ಲಿ ಹಳೇ ಝೆನ್, ಆಲ್ಟೊ, ಸ್ಯಾಂಟ್ರೊ ಇರುವವರಿಗೆ ಒಂದು ಮಾತು. ಎಂಪಿಎಫ್ಐ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ ಪಂಪ್ ಟ್ಯಾಂಕಿನೊಳಗೆ ಇರುತ್ತದೆ. ಕೀಲಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಝುಯ್ ಅನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಸದ್ದಿದ್ದು ಕಿಡಿ ಇಲ್ಲದಿದ್ದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಇಲ್ಲವೇ ಕೀಲಿ ಗುರುತಿಸುವ ಇಮ್ಮೊಬಿಲೈಸರ್. ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಡೀಸೆಲ್ ಗಾಡಿಗಳ ಕಥೆಯೇ ಬೇರೆ, ಅಲ್ಲಿ ಪ್ಲಗ್ ಕಿಡಿಯೇ ಇಲ್ಲ. ಪೈಪಿನಲ್ಲಿ ಗಾಳಿ ಸಿಕ್ಕುವ ಏರ್ ಲಾಕ್, ಡೀಸೆಲ್ ತಡೆಯುವ ಸ್ಟಾಪ್ ಸೊಲೆನಾಯ್ಡ್, ಎಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ ಈ ಕ್ರಮದಲ್ಲಿ ನೋಡಬೇಕು.

ಅಕ್ಕಾರೇ, ನಿಮ್ಮ ಗಾಡಿ ವಿಷಯಕ್ಕೆ ವಾಪಸ್ ಬರುತ್ತೇನೆ. 1996ರದು ಅಂದರೆ ನಂಬರ್ ಇನ್ನೂ ಧಾರವಾಡದ ಕೆಎ-25 ಇರಬೇಕು ಅಲ್ವಾ? ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ. ಅಷ್ಟು ಹಳೇ ಗಾಡಿಯ ರಬ್ಬರ್ ಪೈಪುಗಳನ್ನು ಪರೀಕ್ಷೆಯಲ್ಲಿ ಪಾಸಾದರೂ ಬದಲಿಸಿಬಿಡಿ. ಎಥನಾಲ್ ತಡೆಯುವ ಪೆಟ್ರೋಲ್ ಪೈಪು ಅಂತ ಕೇಳಿ ತನ್ನಿ. ನೀರಿನ ಪೈಪು, ಎಲೆಕ್ಟ್ರಿಕ್ ಕೆಲಸದ ಪ್ಲಾಸ್ಟಿಕ್ ನಳಿಕೆ ಹಾಕಿ ಮುಗಿಸುವವರೂ ಇದ್ದಾರೆ, ಒಪ್ಪಬೇಡಿ. ಕ್ಲಿಪ್ಪುಗಳೂ ಹೊಸವಾಗಲಿ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಎಸಿ ಪಂಪಿನ ಡಯಾಫ್ರಾಮ್ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿದಿರುತ್ತದೆ. ಕಡ್ಡಿಯಲ್ಲಿ ಮಟ್ಟ ಮೇಲಿನ ಗೀಟು ದಾಟಿರುತ್ತದೆ, ಆಯಿಲ್ ನೀರಿನ ಹಾಗೆ ತೆಳ್ಳಗೆ ಜಾರುತ್ತದೆ. ಹಾಗಿದ್ದರೆ ಪಂಪ್ ಹೊಸದು, ಆಯಿಲೂ ಹೊಸದು, ಆಮೇಲೆಯೇ ಕೀಲಿ. ಆಗ ಚೋಕ್ ಪೂರ್ತಿ ಎಳೆದು ಹತ್ತು ಸೆಕೆಂಡ್ ಹೊಡೆಯಿರಿ, ಗಾಜಿನ ಕಿಟಕಿಗೆ ಟಾರ್ಚ್ ಹಿಡಿಯಲು ಅಪ್ಪಾಜಿಯವರನ್ನೇ ಕುರ್ಚಿ ಹಾಕಿ ಕೂರಿಸಿ. ಪೆಟ್ರೋಲ್ ಏರುವುದು ಕಂಡರೆ ಅವರೇ ಕೂಗಿ ಹೇಳುತ್ತಾರೆ.